ದಾವಣಗೆರೆ, ಬೆಂಗಳೂರು, ಜರ್ಮನಿ: ಮೂರು ಕಡೆಯಿಂದ ಒಂದೇ ಸ್ಪ್ರಿಂಟ್

‘ಅಜೈಲ್ ಅಂದ್ರೆ ಎಲ್ರೂ ಒಂದೇ ರೂಮಲ್ಲಿ ಕೂತಿರಬೇಕು, ದಾವಣಗೆರೆಯಿಂದ ಆಗೋ ಮಾತಲ್ಲ’ ಎಂದವರೇ ಹೆಚ್ಚು. ಸಾಫ್ಟ್‌ವೇರನ್ನು ಸಣ್ಣ ಕಂತುಗಳಲ್ಲಿ ಮಾಡುತ್ತ ಹೋಗುವುದೇ ಅಜೈಲ್, ಒಂದು ಕಂತೇ ಸ್ಪ್ರಿಂಟ್. ಈಗ ವಿದ್ಯಾನಗರದ ಆಫೀಸಿನಲ್ಲಿ ಏಳೆಂಟು ಜನ, ಬೆಂಗಳೂರಿನಲ್ಲಿ ನಾಲ್ಕೈದು ಜನ ಇದ್ದೇವೆ. ಯಾವ ಕೆಲಸ ಮೊದಲು ಎಂದು ಹೇಳುವ ಪ್ರಾಡಕ್ಟ್ ಓನರ್ ಜರ್ಮನಿಯಲ್ಲಿ. ಎರಡು ವಾರಕ್ಕೊಮ್ಮೆ ರಿಲೀಸ್ ತಪ್ಪದೆ ಹೋಗುತ್ತಿದೆ. ಅನುಮಾನಪಟ್ಟವರೇ ಈಗ ನಮ್ಮ ಕೆಲಸಪಟ್ಟಿಯ ಬೋರ್ಡ್ ನೋಡಿ ನಕಲು ಮಾಡುತ್ತಿದ್ದಾರೆ, ಮಾಡಲಿ. ಸ್ಕ್ರಮ್ (ಅಜೈಲ್‌ನ ಒಂದು ಪದ್ಧತಿ) ಬಲ್ಲವರಿಗೆ ಬರೆಯುತ್ತಿದ್ದೇನೆ, ಪಾಠ ಬೇಡ.

ಕೆಲಸ ಹಂಚುವ ರೀತಿಯಲ್ಲೇ ಎಲ್ಲ ಇದೆ. ಎಪಿಐ (ಸ್ಕ್ರೀನಿಗೆ ಮಾಹಿತಿ ಒದಗಿಸುವ ಹಿಂದಿನ ಕೋಡ್) ಬೆಂಗಳೂರಿಗೆ, ಸ್ಕ್ರೀನ್ ದಾವಣಗೆರೆಗೆ, ಟೆಸ್ಟಿಂಗ್ ಮತ್ತೊಬ್ಬರಿಗೆ ಎಂದು ಹಂಚಿದ್ದಾಗ ಇನ್‌ವಾಯ್ಸ್‌ಗೆ ಒಂದು ಫೀಲ್ಡ್ ಸೇರಿಸಲು ಇಡೀ ಸ್ಪ್ರಿಂಟ್ ಹಿಡಿಯುತ್ತಿತ್ತು. ಕೋಡ್ ಬರೆಯುವುದು ಅರ್ಧ ದಿನದ ಕೆಲಸ, ಉಳಿದದ್ದು ಒಬ್ಬರಿಗೊಬ್ಬರು ಕಾಯುವುದು. ಹೀಗೆ ಕಾದದ್ದಕ್ಕೇ ಹೋದ ಸಂಬಳ ಐದಾರು ಲಕ್ಷವಾದರೂ ಇದ್ದೀತು. ಈಗ ಒಂದು ಸ್ಟೋರಿ, ಅಂದರೆ ಬಳಕೆದಾರರಿಗೆ ಬೇಕಾದ ಒಂದು ಸಣ್ಣ ಕೆಲಸ, ಒಂದೇ ಊರಿನದು: ಡೇಟಾಬೇಸ್ ಟೇಬಲ್‌ನಿಂದ ಸ್ಕ್ರೀನ್‌ವರೆಗೆ ಅಲ್ಲಿಯವರೇ ಮುಗಿಸಬೇಕು. ಕೋಡ್ ಓದಿ ಪರಿಶೀಲಿಸುವ ರಿವ್ಯೂ ಮಾತ್ರ ಕಡ್ಡಾಯವಾಗಿ ಇನ್ನೊಂದು ಊರಿನವರದು. ಹಾಗಾಗಿ ಕೋಡ್ ಎರಡೂ ಕಡೆ ಗೊತ್ತಿರುತ್ತದೆ. ಯಾವ ಸ್ಟೋರಿ ಯಾವ ಊರಿಗೆ ಎಂದು ನಿರ್ಧರಿಸುವ ನಮ್ಮ ಲೆಕ್ಕವನ್ನು ಇಲ್ಲಿ ಬಿಡಿಸಿಡುವುದಿಲ್ಲ, ಅದಕ್ಕೆ ದುಡ್ಡು ಸುರಿದಿದ್ದೇವೆ. ಸುಳಿವು ಬೇಕಾದರೆ ಇಷ್ಟು: ಬಗ್ ಹುಟ್ಟಿದ ಊರಿಗೇ ಆ ಬಗ್ ಕೊಡಬೇಡಿ.

ಪುಲ್ ರಿಕ್ವೆಸ್ಟ್ (ಬರೆದ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) 300 ಸಾಲು ದಾಟಿದರೆ ಮೂರು ದಿನ ಯಾರೂ ಮುಟ್ಟುವುದಿಲ್ಲ, ಇಲ್ಲವೇ ಓದದೆ ಓಕೆ ಮಾಡುತ್ತಾರೆ. ಬೆಳಿಗ್ಗೆ ಬಂದದ್ದನ್ನು ಊಟದೊಳಗೆ, ಮಧ್ಯಾಹ್ನದ್ದನ್ನು ಮನೆಗೆ ಹೊರಡುವುದರೊಳಗೆ ನೋಡಿ ಮುಗಿಸಬೇಕು. ಯಾವ ಬ್ರಾಂಚೂ (ಮುಖ್ಯ ಕೋಡಿನಿಂದ ಕವಲೊಡೆದ ಪ್ರತಿ) ಎರಡು ದಿನ ಮೀರಬಾರದು. ಅರೆಬರೆ ಕೆಲಸವಾದರೆ ಫೀಚರ್ ಫ್ಲ್ಯಾಗ್ (ಅದನ್ನು ಆಫ್ ಆಗಿಡುವ ಸ್ವಿಚ್) ಹಾಕಿ ಮುಖ್ಯ ಕೋಡಿಗೆ ಮರ್ಜ್ ಮಾಡಿ, ಫ್ಲ್ಯಾಗ್ ಹಾಕಿದ ದಿನವೇ ಅದನ್ನು ತೆಗೆಯುವ ಟಿಕೆಟ್ಟನ್ನೂ (ಕೆಲಸದ ಚೀಟಿ) ತೆರೆಯಿರಿ. ಡೇಟಾಬೇಸ್ ರಚನೆ ಬದಲಿಸುವ ಮೈಗ್ರೇಶನ್ ಫೈಲ್‌ಗಳಿಗೆ 41, 42 ಎಂದು ನಂಬರ್ ಕೊಡುತ್ತಿದ್ದರೆ ಎರಡೂ ಊರಿನವರು ಒಂದೇ ದಿನ 43 ಮಾಡುತ್ತಾರೆ, ಬಿಲ್ಡ್ (ಕೋಡನ್ನು ಜೋಡಿಸಿ ಟೆಸ್ಟ್ ಓಡಿಸುವುದು) ಬೀಳುತ್ತದೆ. ದಿನಾಂಕ, ಗಂಟೆ, ನಿಮಿಷವನ್ನೇ ಹೆಸರಾಗಿಡಿ. ಕಾಲಂ ಸೇರಿಸುವುದು ಈ ರಿಲೀಸ್‌ನಲ್ಲಾದರೆ ಹಳೆಯದನ್ನು ಅಳಿಸುವುದು ಮುಂದಿನದರಲ್ಲಿ. ಬಿಲ್ಡ್ ಮೊದಲು 40 ನಿಮಿಷ ಓಡುತ್ತಿತ್ತು. ತಿಂಗಳಿಗೆ ಏಳೆಂಟು ಸಾವಿರ ಹೆಚ್ಚು ಕೊಟ್ಟು ಟೆಸ್ಟ್‌ಗಳನ್ನು ನಾಲ್ಕು ಪಾಲು ಮಾಡಿ ಒಟ್ಟಿಗೇ ಓಡಿಸಿದ ಮೇಲೆ 12ರ ಆಸುಪಾಸಿಗೆ ಇಳಿಯಿತು. ಅಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಅತಿ ದಂಡದ ಖರ್ಚೆಂದರೆ 18 ಸಾವಿರದ ಕಾನ್ಫರೆನ್ಸ್ ಮೈಕು. ಬೆಂಗಳೂರಿನವರು ಅದರ ಸುತ್ತ ಕೂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು, ಇತ್ತ ಗೊಣಗಾಟ ಬಿಟ್ಟು ಏನೂ ಕೇಳುತ್ತಿರಲಿಲ್ಲ. ಒಬ್ಬರು ಹೊರಗಿದ್ದರೂ ಸರಿ, ಪ್ರತಿಯೊಬ್ಬರೂ ತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಬೇಕು. ತಲೆಗೆ ಎರಡು ಸಾವಿರದ ಹೆಡ್‌ಸೆಟ್ ಸಾಕು. ಸ್ಟ್ಯಾಂಡಪ್ (ದಿನದ ಕಿರು ವರದಿ) ಬರಹದಲ್ಲಿ, ಹತ್ತು ಗಂಟೆಯೊಳಗೆ: ಟಿಕೆಟ್ ನಂಬರ್, ಬ್ರಾಂಚ್ ಹೆಸರು, ಎಲ್ಲಿ ಸಿಕ್ಕಿಬಿದ್ದಿದೆ, ಯಾರು ಬೇಕು. ಮಧ್ಯಾಹ್ನ 2.30ರ ಕಾಲ್ ಸಿಕ್ಕಿಬಿದ್ದ ಟಿಕೆಟ್‌ಗಳಿಗೆ ಮಾತ್ರ, 15 ನಿಮಿಷ. ನಮ್ಮ 2.30 ಜರ್ಮನಿಯಲ್ಲಿ ಚಳಿಗಾಲಕ್ಕೆ 10 ಗಂಟೆ, ಬೇಸಿಗೆಗೆ 11. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ತಿರುಗಿಸುತ್ತಾರೆ. ಇನ್ವೈಟ್ ಅವರು ಕಳಿಸಿದ್ದರೆ ನಮ್ಮ ಸಮಯ ಜರುಗುತ್ತದೆ, ನಾವು ಕಳಿಸಿದ್ದರೆ ಅವರದು. ಯಾರು ಕಳಿಸುವುದೆಂದು ಮೊದಲೇ ಮಾತಾಡಿಕೊಳ್ಳಿ. ಅಮೆರಿಕದವರೂ ಇದ್ದರೆ ಅವರ ಬದಲಾವಣೆ ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲ ಭಾನುವಾರ. ನಡುವಿನ ವಾರಗಳಲ್ಲಿ ಮೂರೂ ಕಡೆ ಲೆಕ್ಕ ತಪ್ಪುತ್ತದೆ.

ಬೆಸ್ಕಾಂ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ರೌಟರ್ ರೀಸ್ಟಾರ್ಟ್ ಆಗಿ ಎರಡು ಮೂರು ನಿಮಿಷ ನೆಟ್ ಇರುವುದಿಲ್ಲ. ಹದಿನೈದು ನಿಮಿಷದ ಕಾಲ್‌ನಲ್ಲಿ ಅದು ದೊಡ್ಡ ಹೊಡೆತ. ರೌಟರ್‌ಗೊಂದು, ಫೈಬರ್ ಬಾಕ್ಸ್‌ಗೊಂದು ಮಿನಿ ಯುಪಿಎಸ್ ಹಾಕಿ, ಒಂದಕ್ಕೆ ಸಾವಿರದ ಮುನ್ನೂರು ಚಿಲ್ಲರೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ. ಇನ್ನೊಂದು ಕಂಪನಿಯ ಲೈನ್ ತಗೊಂಡರೂ ಎರಡೂ ಕೇಬಲ್ ಒಂದೇ ಕಂಬದ ಮೇಲಿದ್ದರೆ ಒಟ್ಟಿಗೇ ಕಡಿದುಹೋಗುತ್ತವೆ. ಯಾವ ಬೀದಿಯಿಂದ ಬರುತ್ತದೆಂದು ಲೈನ್‌ಮನ್‌ನನ್ನೇ ಕೇಳಿ.

ಎರಡು ಆಫೀಸಿನ ನಡುವೆ ದಿನವಿಡೀ ವಿಡಿಯೋ ತೆರೆದಿಡುವ ಪ್ರಯೋಗವೂ ನಡೆಯಿತು. ವಾರದೊಳಗೆ ಎರಡೂ ಕ್ಯಾಮೆರಾ ಗೋಡೆ ನೋಡುತ್ತಿದ್ದವು. ಸ್ಟೋರಿ ಪಾಯಿಂಟ್ (ಸ್ಟೋರಿಯ ಶ್ರಮಕ್ಕೆ ಕೊಡುವ ಅಂಕ) ಬಿಟ್ಟು ಬರೀ ಸ್ಟೋರಿ ಎಣಿಸಿದ್ದು ಮಾತ್ರ ಚೆನ್ನಾಗಿ ಫಲಿಸಿತು. ಅಂದಾಜು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಯಾವ ಊರಿನ ಪಾಯಿಂಟ್ ಜಾಸ್ತಿ ಎಂಬ ಜಗಳವೂ ತಪ್ಪುತ್ತದೆ. ಸ್ಟೋರಿಗಳ ಗಾತ್ರ ಒಂದು ಹದದಲ್ಲಿರಬೇಕು, ಮೂರು ದಿನ ಮೀರಿದ್ದನ್ನು ಒಡೆಯಿರಿ.

ರೆಟ್ರೋದಲ್ಲಿ (ಸ್ಪ್ರಿಂಟ್ ಮುಗಿದ ಮೇಲಿನ ಹಿನ್ನೋಟದ ಸಭೆ) ನಮ್ಮ ಹುಡುಗರು ಬಾಯಿ ಬಿಡುವುದಿಲ್ಲ, ಸೀನಿಯರ್ ಇದ್ದರೆ ‘ಎಲ್ಲ ಸರಿ ಇದೆ ಸರ್’ ಅಷ್ಟೇ. ಹತ್ತು ನಿಮಿಷ ಹೆಸರಿಲ್ಲದೆ, ಕನ್ನಡದಲ್ಲೇ ಬರೆಯಲು ಬಿಡಿ. ಓದುವವರು ಇನ್ನೊಂದು ಊರಿನವರಾಗಿರಲಿ. ಬಿಲ್ಡ್ ನಿಧಾನ ಎಂಬ ದೂರು ಬಂದದ್ದೇ ಹೀಗೆ.

ರಜೆಯನ್ನು ಪ್ಲಾನಿಂಗ್‌ನಲ್ಲೇ ಹಿಡಿಯಿರಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುವ ಸ್ಪ್ರಿಂಟಿಗೆ ದಾವಣಗೆರೆಯ ಪಾಲು ಅರ್ಧ. ಕ್ರಿಸ್‌ಮಸ್‌ಗೆ ಜರ್ಮನಿಯಲ್ಲಿ ಯಾರೂ ಸಿಗುವುದಿಲ್ಲ, ಒಪ್ಪಿಗೆಗಳನ್ನೆಲ್ಲ ಡಿಸೆಂಬರ್ 20ರೊಳಗೆ ಪಡೆಯಿರಿ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನವರನ್ನು ಎರಡು ದಿನಕ್ಕೆ ಇಲ್ಲಿಗೇ ಕರೆಸುತ್ತೇವೆ. ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುವುದರಿಂದ ಬೆಳಗಿನ ಬೆಣ್ಣೆ ದೋಸೆ ಹೊತ್ತಿಗೆ ಬಂದಿರುತ್ತಾರೆ. ಟಿಕೆಟ್, ಲಾಡ್ಜ್, ಊಟ ಸೇರಿ 30 ಸಾವಿರದ ಸುತ್ತಮುತ್ತ. ಆ ಎರಡು ದಿನ ಲ್ಯಾಪ್‌ಟಾಪ್ ತೆರೆಯಲು ಬಿಡಬೇಡಿ. ಮುಂದಿನ ಮೂರು ತಿಂಗಳ ದೊಡ್ಡ ಸ್ಟೋರಿಗಳನ್ನು ಗೋಡೆಗೆ ಅಂಟಿಸಿ ಒಡೆಯುವುದಷ್ಟೇ ಕೆಲಸ.