ನೈಟ್ರೋಜನ್ ಜಾರ್ ಬತ್ತದಂತೆ ನೋಡಿಕೊಳ್ಳುವುದು ಹೇಗೆ?

ಅಥಣಿ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅದೇ ಬಿಸಿಲಲ್ಲಿ ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಅಲ್ಯುಮಿನಿಯಂ ಜಾರ್ ಒಳಗೆ ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ ಥಂಡಿ. ಹೋರಿ, ಕೋಣದ ವೀರ್ಯ ತುಂಬಿದ ಸ್ಟ್ರಾಗಳು, ಅಂದರೆ ಸಣ್ಣ ಪ್ಲಾಸ್ಟಿಕ್ ಕೊಳವೆಗಳು, ಕೆಡದೆ ಉಳಿಯುವುದು ಆ ಥಂಡಿಯಲ್ಲೇ.

ಎರಡು ವರ್ಷದ ಹಿಂದೆ ನಮ್ಮ ಎಮ್ಮೆ ಮೂರು ಸಲ ಬೆದೆಗೆ ಬಂತು, ಮೂರು ಸಲವೂ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಆಯಿತು, ಗಬ್ಬ ನಿಲ್ಲಲಿಲ್ಲ. ಮೇವು ಸರಿಯಿಲ್ಲ ಅಂದೆವು, ಕೊನೆಗೆ ಎಮ್ಮೆಯನ್ನೇ ಬೈದೆವು. ಜಾರ್‌ಗೆ ಸ್ಕೇಲ್ ಇಳಿಸಿ ನೋಡಿದರೆ ತಳ ಒಣಗಿತ್ತು! ಒಮ್ಮೆ ಬಿಸಿಯಾದ ಸ್ಟ್ರಾ ಮೇಲೆ ಮತ್ತೆ ಎಷ್ಟು ನೈಟ್ರೋಜನ್ ಸುರಿದರೂ ವೀರ್ಯಕ್ಕೆ ಜೀವ ಬರಲ್ಲ, ನೋಡೋಕೆ ಮಾತ್ರ ಅದು ಹಾಗೇ ಇರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ದಯವಿಟ್ಟು ಪೂರ್ತಿ ಓದಿ.

ಜಾರ್ ಅಂದರೆ ಒಂದರೊಳಗೊಂದು ಎರಡು ಪಾತ್ರೆ, ನಡುವೆ ಗಾಳಿಯೇ ಇಲ್ಲ. 1892ರಲ್ಲಿ ಜೇಮ್ಸ್ ಡೀವರ್ ಕಂಡುಹಿಡಿದ ಉಪಾಯ ಇದು, ನಮ್ಮ ಚಹಾದ ಥರ್ಮಾಸ್ ಕೂಡ ಅದೇ. ಬೆಳಗಾವಿ ಮೇಲೆ ಹಾದುಹೋಗುವ ದಾಭೋಲ್–ಬೆಂಗಳೂರು ಗ್ಯಾಸ್ ಪೈಪ್‌ಲೈನ್ ಗೊತ್ತಲ್ವಾ? ಮಹಾರಾಷ್ಟ್ರದ ದಾಭೋಲ್‌ನಲ್ಲಿ ಹಡಗಿನಿಂದ ಇಳಿಯುವ ಎಲ್‌ಎನ್‌ಜಿ (ದ್ರವ ಮಾಡಿದ ನೈಸರ್ಗಿಕ ಅನಿಲ) ಮೈನಸ್ 162 ಡಿಗ್ರಿಯಲ್ಲಿರುತ್ತದೆ, ಅಂಥ ದೊಡ್ಡ ಟ್ಯಾಂಕಿಗೂ ಎರಡು ಗೋಡೆ. ಎಷ್ಟೇ ಕಾಪಾಡಿದರೂ ಒಳಗಿನದ್ದು ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಎಲ್‌ಎನ್‌ಜಿ ಟ್ಯಾಂಕಿನ ಆವಿಯನ್ನು ಕಂಪ್ರೆಸರ್ ಹಾಕಿ ಎಳೆದು ಬಳಸುತ್ತಾರೆ. ನಮ್ಮ ಜಾರ್‌ನಲ್ಲಿ ಅದು ಹೊರಗೆ ಹೋಗಲೇಬೇಕು. ಅದಕ್ಕೇ ಮುಚ್ಚಳ ಸಡಿಲ ಇರೋದು. ಬಟ್ಟೆ ತುರುಕಿ, ಟೇಪ್ ಸುತ್ತಿ ಬಿಗಿ ಮಾಡಿದರೆ ಜಾರ್ ಒಡೆದೀತು, ಯಾಕೆಂದರೆ ಒಂದು ಲೀಟರ್ ನೈಟ್ರೋಜನ್ ಆವಿಯಾದರೆ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ.

ಈ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅಥವಾ ಗ್ಲಾಸ್ ಏರಿಸಿದ ಕಾರಿನಲ್ಲಿ ಅದು ತುಂಬಿಕೊಂಡರೆ ಉಸಿರಾಡೋಕೆ ಆಮ್ಲಜನಕ ಕಡಿಮೆಯಾಗುತ್ತದೆ, ಮನುಷ್ಯನಿಗೆ ಗೊತ್ತಾಗುವ ಮೊದಲೇ ಎಚ್ಚರ ತಪ್ಪುತ್ತದೆ. ಜಾರನ್ನು ಕಿಟಕಿ ತೆರೆದ ಕೋಣೆಯಲ್ಲಿ, ನೆರಳಲ್ಲಿ, ಹಲಗೆ ಮೇಲೆ ಇಡಿ.

ಇನ್ನು ಮುಖ್ಯವಾದದ್ದು, ಮಟ್ಟ ಅಳೆಯೋದು. ಒಣಗಿದ ಮರದ ಸ್ಕೇಲನ್ನು ತಳ ಮುಟ್ಟುವ ತನಕ ನೆಟ್ಟಗೆ ಇಳಿಸಿ, ಹತ್ತು ಎಣಿಸಿ, ಹೊರಗೆ ತೆಗೆದು ಗಾಳಿಯಲ್ಲಿ ಮೆಲ್ಲಗೆ ಆಡಿಸಿ. ನೈಟ್ರೋಜನ್ ಮುಟ್ಟಿದಷ್ಟು ಭಾಗಕ್ಕೆ ಮಂಜು ಹಿಡಿದು, ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ ಮೂಡುತ್ತದೆ. ಅದೇ ಮಟ್ಟ. ಟೊಳ್ಳು ಪೈಪು ಮಾತ್ರ ಬೇಡ, ಒಳಗಿನದ್ದು ಅದರಲ್ಲಿ ಏರಿ ಬಂದು ಮುಖಕ್ಕೆ ಚಿಮ್ಮುತ್ತದೆ. ಅಳತೆಯನ್ನು ತಾರೀಖು ಹಾಕಿ ಬರೆದಿಡಿ. ದಿಢೀರನೆ ಜಾಸ್ತಿ ಇಳಿದಿದ್ದರೆ, ಇಲ್ಲವೇ ಜಾರ್ ಮೈ ಮೇಲೆ ಮಂಜು ಕಂಡರೆ, ಗೋಡೆಗಳ ನಡುವೆ ಗಾಳಿ ಹೊಕ್ಕಿದೆ ಅಂತ ಅರ್ಥ. ಆಗ ತಡ ಮಾಡದೆ ಸ್ಟ್ರಾಗಳನ್ನು ಬೇರೆ ಜಾರ್‌ಗೆ ಹಾಕಿ.

ತುಂಬುವಾಗ ಕನ್ನಡಕ, ಸಡಿಲವಾದ ದಪ್ಪ ಕೈಗವಸು, ಬೂಟು ಬೇಕು, ಪ್ಯಾಂಟು ಬೂಟಿನ ಹೊರಗಿರಲಿ. ಚಪ್ಪಲಿ ಹಾಕಿಕೊಂಡು ಸುರಿಯುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಖಾಲಿ ಜಾರ್‌ಗೆ ಮೊದಲು ಸ್ವಲ್ಪವೇ ಹಾಕಿ, ಕುದಿತ ನಿಂತ ಮೇಲೆ ಉಳಿದದ್ದು. ಚರ್ಮಕ್ಕೆ ತಾಗಿದರೆ ಉಜ್ಜಬೇಡಿ, ಉಗುರುಬೆಚ್ಚಗಿನ ನೀರು ಹಾಕಿ ಆಸ್ಪತ್ರೆಗೆ ಹೋಗಿ.

ಸ್ಟ್ರಾ ತೆಗೆಯುವಾಗ ಒಳಗಿನ ಡಬ್ಬಿಯನ್ನು ಜಾರ್ ಕುತ್ತಿಗೆಗಿಂತ ಮೇಲೆ ಎತ್ತಲೇಬಾರದು. ಎಂಟು ಸೆಕೆಂಡಿನೊಳಗೆ ಸಿಗಲಿಲ್ಲವಾ, ಕೆಳಗೆ ಬಿಟ್ಟು ಮತ್ತೆ ಎತ್ತಿ. ತೆಗೆದ ಸ್ಟ್ರಾ 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇರಲಿ. ಬೆರಳು ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ. ಆಮೇಲೆ ಪೂರ್ತಿ ಒರೆಸಿ, ನೀರಿನ ಹನಿ ಸೇರಿದರೂ ವೀರ್ಯ ಕೆಡುತ್ತದೆ.

ಆಕಳು, ಎಮ್ಮೆ ಕಟ್ಟಿದವರು ಸಂಕೋಚ ಬಿಟ್ಟು "ಸ್ಕೇಲ್ ಹಾಕಿ ತೋರಿಸ್ರಿ ಅಣ್ಣಾ" ಅಂತ ಕೇಳಿ. ನಮ್ಮೂರಿಗೆ ಈಗ ಬರುವವರು ಬೈಕ್ ಇಳಿದ ಕೂಡಲೇ, ನಾವು ಕೇಳುವ ಮೊದಲೇ ಆ ಬಿಳಿ ಪಟ್ಟಿ ತೋರಿಸುತ್ತಾರೆ.