ಗೈಡ್ ನೋಡ್ದೆ ಕ್ರೋನೋ ಟ್ರಿಗರ್ ಮುಗಿಸಿದ್ದು: ನನ್ನ ಅನುಭವ

ಕ್ರೋನೋ ಟ್ರಿಗರ್ ಅಂದ್ರೆ ಬೇರೆ ಬೇರೆ ಕಾಲಕ್ಕೆ ಹೋಗಿ ಬರೋ ಕಥೆಯ ರೋಲ್ ಪ್ಲೇಯಿಂಗ್ ಗೇಮು, 1995ರಲ್ಲಿ ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ ಕನ್ಸೋಲ್‌ಗೆ ಬಂದಿದ್ದು, ನಾನು ಆಡಿದ್ದು 2008ರ ಡಿಎಸ್ (ನಿಂಟೆಂಡೋದ ಕೈಯಲ್ಲಿ ಹಿಡಿದು ಆಡೋ ಮಷೀನ್) ವರ್ಷನ್, ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್. ಶುರು ಮಾಡೋ ಮುಂಚೆನೇ ತೀರ್ಮಾನ ಮಾಡಿದ್ದೆ, ಗೈಡ್ ನೋಡಲ್ಲ, ವಿಡಿಯೋ ನೋಡಲ್ಲ, ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಕೊಂಡು ಯಾರು ಎಲ್ಲಿ ಏನ್ ಹೇಳಿದ್ರು ಅಂತ ಬರ್ಕೊಳ್ಳೋದು ಅಂತ. ಈ ಕಾಲದ ಗೇಮುಗಳ ತರ ಮುಂದಿನ ಕೆಲಸದ ಲಿಸ್ಟ್ ಇಲ್ಲಿ ಇರಲ್ಲ, ಊರಿನವ್ರ ಮಾತೇ ದಾರಿ.

ಮೊದಲನೇ ಪಾಠ ಸಾವಿರನೇ ಇಸವಿಯ ಜಾತ್ರೇಲೇ ಸಿಕ್ತು. ಮೇಜಿನ ಮೇಲೆ ಯಾರದೋ ಊಟದ ಚೀಲ ಇತ್ತು, ಬಟನ್ ಒತ್ತಿದೆ, ಎಚ್‌ಪಿ (ಜೀವಶಕ್ತಿ) ತುಂಬ್ತು, ಮರ್ತೂ ಬಿಟ್ಟೆ. ಆಮೇಲೆ ನಮ್ಮ ಹೀರೋ ಕ್ರೋನೋನ ಕೋರ್ಟಲ್ಲಿ ನಿಲ್ಲಿಸಿದಾಗ ಆ ಊಟದ ಯಜಮಾನನೇ ಸಾಕ್ಷಿ ಹೇಳೋಕೆ ಬಂದ! ಜಾತ್ರೇಲಿ ಸಿಗೋ ಮಾರ್ಲ್ ಅನ್ನೋ ಹುಡುಗಿ ಡಿಕ್ಕಿ ಹೊಡೆದು ಬಿದ್ದಾಗ ಅವಳನ್ನ ಮೊದ್ಲು ವಿಚಾರಿಸಿದ್ವೋ ಇಲ್ಲಾ ಅವಳ ಪೆಂಡೆಂಟ್ ಎತ್ಕೊಂಡ್ವೋ, ಪುಟ್ಟ ಹುಡುಗಿಯ ಬೆಕ್ಕು ಹುಡುಕಿ ಕೊಟ್ವೋ ಇಲ್ವೋ, ಎಲ್ಲ ಲೆಕ್ಕಕ್ಕೆ ಬರುತ್ತೆ, ಏಳು ಜನ ಜ್ಯೂರಿ ಮುಂದೆ. ಅವತ್ತಿಂದ ಪ್ರತಿ ಮನೆಗೂ ನುಗ್ಗಿ ಎಲ್ರನ್ನೂ ಮಾತಾಡಿಸೋಕೆ ಶುರು ಮಾಡಿದೆ.

ಫೈಟು ಬಗ್ಗೆ ಜಾಸ್ತಿ ಹೇಳಲ್ಲ. ಶತ್ರುಗಳು ಎದುರಿಗೇ ಓಡಾಡ್ತಿರ್ತಾವೆ, ನಿಂತ ಜಾಗದಲ್ಲೇ ಫೈಟು. ಕ್ರೋನೋ, ಅವನ ಜೊತೆಗಾರ ಫ್ರಾಗ್ ಇಬ್ರೂ ಸೇರಿ ಎಕ್ಸ್ ಸ್ಟ್ರೈಕ್ ಅನ್ನೋ ಜಂಟಿ ಏಟು ಹೊಡೀಬೇಕಂದ್ರೆ ಇಬ್ರ ಗೇಜೂ (ಸರದಿ ಬಂತು ಅಂತ ತೋರ್ಸೋ ಪಟ್ಟಿ) ತುಂಬಿರ್ಬೇಕು, ಅಲ್ಲೀವರೆಗೂ ಒಬ್ಬನ್ನ ಸುಮ್ನೆ ಕಾಯಿಸೋ ತಾಳ್ಮೆ ಕಲಿತ್ರೆ ಅರ್ಧ ಗೇಮು ಬಂದಂಗೆ. ಯಾಸುನೋರಿ ಮಿತ್ಸುದಾ ಮ್ಯೂಸಿಕ್ಕಿಗೆ ಮಾತ್ರ ಇಯರ್‌ಫೋನ್ ಹಾಕ್ಕೊಳ್ಳಿ, 600ನೇ ಇಸವಿಯ ಮ್ಯಾಪಲ್ಲಿ ಎಲ್ಲೂ ಹೋಗ್ದೆ ಟ್ಯೂನ್ ಕೇಳ್ತಾ ನಿಂತಿದ್ದೀನಿ ನಾನು. 2300ರಲ್ಲಿ ಎನರ್ಟ್ರಾನ್ ಅಂತ ಒಂದು ಮಷೀನು, ಒಳಗೆ ಹೋಗಿ ಬಂದ್ರೆ ಎಚ್‌ಪಿ, ಎಂಪಿ (ಮ್ಯಾಜಿಕ್ ಶಕ್ತಿ) ಎಲ್ಲ ಫುಲ್, ಆದ್ರೆ ಹಸಿವು ಹಂಗೇ ಇದೆ ಅನ್ನೋ ಒಂದು ಸಾಲು ಬರುತ್ತೆ, ನಾಶವಾದ ಪ್ರಪಂಚ ಹೆಂಗಿರುತ್ತೆ ಅಂತ ತೋರ್ಸೋಕೆ ಅಷ್ಟೇ ಸಾಕಾಯ್ತು ಗೇಮ್ ಮಾಡಿದವ್ರಿಗೆ.

ನೋಟ್‌ಬುಕ್ ನಿಜವಾಗ್ಲೂ ಕೆಲ್ಸಕ್ಕೆ ಬಂದಿದ್ದು ಮೂನ್ ಸ್ಟೋನ್ ಅನ್ನೋ ಕಲ್ಲಿನ ವಿಷ್ಯದಲ್ಲಿ. ಆರೂವರೆ ಕೋಟಿ ವರ್ಷ ಹಿಂದೆ ಹೋಗಿ ಅದನ್ನ ಬಿಸಿಲಲ್ಲಿ ಇಟ್ಟು ಬಂದ್ರೆ ಸನ್ ಸ್ಟೋನ್ ಆಗ್ಬೇಕು, ಆದ್ರೆ ಸಾವಿರನೇ ಇಸವಿಗೆ ಬಂದ್ರೆ ಕಲ್ಲೇ ಮಾಯ, ಪೋರ್ ಊರಿನ ಜಿಪುಣ ಮೇಯರ್ ಹತ್ರ ಇದೆ, ಕೊಡಲ್ಲ ಅಂತಾನೆ. ಎರಡು ದಿನ ತಲೆ ಕೆಡಿಸ್ಕೊಂಡೆ. ಆಮೇಲೆ ಹಳೇ ಪೇಜ್ ತಿರುವಿದ್ರೆ, 600ರಲ್ಲಿ ಅದೇ ಮನೆಯ ಹೆಂಗಸಿಗೆ ಒಣ ಮಾಂಸ ಬೇಕಿತ್ತು ಅಂತ ನಾನೇ ಬರೆದಿದ್ದೀನಿ. 9900 ಜಿ (ಗೇಮಿನ ದುಡ್ಡು) ಕೊಟ್ಟು ತಗೊಂಡು ಹೋದೆ, ಆಕೆ 10000 ಕೊಡ್ತೀನಿ ಅಂದ್ಲು, ದುಡ್ಡು ಬೇಡ, ಹಂಗೇ ಇಟ್ಕೊಳ್ಳಿ ಅಂದೆ. ಆಕೆ ಮಕ್ಕಳಿಗೆ ಕೊಡುಗೈ ಕಲಿಸ್ತಾಳೆ, ನಾನೂರು ವರ್ಷ ಆದ್ಮೇಲೆ ಮೇಯರ್ ಒಳ್ಳೆಯವನಾಗಿ ಕಲ್ಲು ವಾಪಸ್ ಕೊಡ್ತಾನೆ!

ತಪ್ಪಿದ್ದು ನಮ್ಮ ಗುಂಪಿನ ಹುಡುಗಿ ಲುಕ್ಕಾಳ ಅಮ್ಮನ ವಿಷ್ಯದಲ್ಲಿ. ಮರಳುಗಾಡಲ್ಲಿ ಕಾಡು ಬೆಳೆಸೋಕೆ ನಮ್ಮ ಗುಂಪಿನ ರೋಬೋಟ್ ರೋಬೋನ ಬಿಟ್ಟು, ನಾನೂರು ವರ್ಷ ದಾಟಿ ಅವನನ್ನ ವಾಪಸ್ ಸೇರಿಸ್ಕೊಂಡ ರಾತ್ರಿ ಲುಕ್ಕಾ ಒಬ್ಳೇ ಎದ್ದು ತನ್ನ ಬಾಲ್ಯಕ್ಕೆ ಹೋಗ್ತಾಳೆ, ಅಲ್ಲಿ ಅಮ್ಮನ ಬಟ್ಟೆ ಮಷೀನಿಗೆ ಸಿಕ್ಕಾಕ್ಕೊಂಡಿರುತ್ತೆ. ಪಾಸ್‌ವರ್ಡ್ ಹೊಡೆದ್ರೆ ಮಷೀನ್ ನಿಲ್ಲುತ್ತೆ, ಅದು ಅಮ್ಮನ ಹೆಸರೇ. ನೋಟ್‌ಬುಕ್ಕಲ್ಲಿ ಎಷ್ಟೋ ಊರು, ಎಷ್ಟೋ ಕತ್ತಿ ಇತ್ತು, ಆಕೆ ಹೆಸರಿರಲಿಲ್ಲ. ಟೈಮ್ ಆಗೋಯ್ತು, ಅಮ್ಮನ ಕಾಲು ಹೋಯ್ತು. ಹಿಂದಿನ ಸೇವ್ ತುಂಬಾ ಹಿಂದೆ ಇತ್ತು, ಹಂಗೇ ಗೇಮ್ ಮುಗಿಸ್ದೆ, ಮನಸ್ಸಿಗೆ ಮಾತ್ರ ಸಮಾಧಾನ ಆಗ್ಲಿಲ್ಲ.

ನ್ಯೂ ಗೇಮ್ ಪ್ಲಸ್‌ನಲ್ಲಿ (ಮುಗಿಸಿದ ಮೇಲೆ ಗಳಿಸಿದ ಶಕ್ತಿ ಇಟ್ಕೊಂಡೇ ಮತ್ತೆ ಆಡೋ ಅವಕಾಶ) ಮತ್ತೆ ಶುರುವಿಂದ ಆಡ್ಕೊಂಡು ಅಲ್ಲಿಗೆ ಬಂದೆ. ಎಲ್, ಎ, ಆರ್, ಎ. ಲಾರಾ. ಮಷೀನ್ ನಿಂತ್ತು. ಲುಕ್ಕಾ ಮನೆಗೆ ಹೋದ್ರೆ ಯಾವಾಗ್ಲೂ ಕುರ್ಚೀಲಿ ಕೂತಿರ್ತಿದ್ದ ಅಮ್ಮ ಮನೆ ತುಂಬಾ ಓಡಾಡ್ತಿದ್ರು. ನಾನು ಹಿಂದಿಂದೇ ಹೋಗಿ ಮೂರ್ನಾಲ್ಕು ಸಲ ಮಾತಾಡಿಸ್ದೆ.