ವಿಚ್ಛೇದನವಾದ ಮೇಲೂ ಬೆನ್ನು ಬಿಡದ ಜಂಟಿ ಗೃಹಸಾಲ: ಹೆಸರು ತೆಗೆಸುವುದು ಹೇಗೆ?

ಫ್ಯಾಮಿಲಿ ಕೋರ್ಟಿನ ಡಿಕ್ರಿಯಿಂದ ಮುಗಿಯುವುದು ಮದುವೆ ಮಾತ್ರ. ಇಬ್ಬರೂ ಸಹಿ ಹಾಕಿದ ಗೃಹಸಾಲ ಮುಗಿಯುವುದಿಲ್ಲ. ‘ಮನೆ ಅವರಿಗೆ, ಸಾಲದ ಕಂತೂ ಅವರದೇ’ ಎಂದು ರಾಜಿ ಪತ್ರದಲ್ಲಿ ಬರೆದು ಕೋರ್ಟಿನ ಮೊಹರು ಬಿದ್ದರೂ ಬ್ಯಾಂಕನ್ನು ಅದು ಕಟ್ಟಿಹಾಕದು, ಏಕೆಂದರೆ ಬ್ಯಾಂಕು ಆ ಕೇಸಿನಲ್ಲಿ ಪಕ್ಷಗಾರನೇ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಸೇರಿ ಸಾಲ ತೆಗೆದುಕೊಂಡವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ಸಾಲ ವಸೂಲು ಮಾಡುವ ಹಕ್ಕು ಬ್ಯಾಂಕಿಗಿದೆ. ‘ನನ್ನ ಪಾಲು ಅರ್ಧ ಮಾತ್ರ’ ಎಂಬ ವಾದ ನಡೆಯುವುದು ನಿಮ್ಮಿಬ್ಬರ ನಡುವೆ, ಬ್ಯಾಂಕಿನ ಕೌಂಟರಿನಲ್ಲಿ ಅಲ್ಲ.

ಆದ್ದರಿಂದ ಮುಖ್ಯ ಕೆಲಸ ಒಂದೇ: ಡಿಕ್ರಿ ಬರುವುದರೊಳಗೆ ಬ್ಯಾಂಕಿನ ಕಡತದಿಂದ ನಿಮ್ಮ ಹೆಸರು ಹೊರಬರಬೇಕು, ಅದೂ ಸರಿಯಾದ ಕ್ರಮದಲ್ಲಿ. ಕ್ರಮ ತಪ್ಪಿದರೆ ಮನೆಯ ಹಕ್ಕು ಕೈಬಿಟ್ಟು ಸಾಲ ಮಾತ್ರ ತಲೆಯ ಮೇಲೆ ಉಳಿಯುತ್ತದೆ. ಆಗುವ ಅನ್ಯಾಯಗಳಲ್ಲಿ ಇದು ಅತ್ಯಂತ ಕೆಟ್ಟದ್ದು, ತಪ್ಪಿಸಲು ಸುಲಭವಾದದ್ದೂ ಇದೇ.

ಮೊದಲು ಎರಡು ಕಾಗದ ಎದುರಿಗಿಟ್ಟುಕೊಳ್ಳಿ

ಒಂದು ಕ್ರಯಪತ್ರ, ಇನ್ನೊಂದು ಸಾಲದ ಒಪ್ಪಂದ. ಕ್ರಯಪತ್ರದಲ್ಲಿ ಹೆಸರಿದ್ದರೆ ನೀವು ಮನೆಯ ಮಾಲೀಕರು, ಸಾಲದ ಒಪ್ಪಂದದಲ್ಲಿದ್ದರೆ ಸಾಲಗಾರರು. ಎರಡೂ ಒಂದೇ ಅಲ್ಲ. ಸಾಲದ ಅರ್ಹತೆ ಹೆಚ್ಚಲಿ ಎಂದು ಹೆಂಡತಿಯ ಸಂಬಳ ತೋರಿಸಿ ಕೋ-ಅಪ್ಲಿಕೆಂಟ್ ಮಾಡಿ, ಕ್ರಯಪತ್ರ ಗಂಡನ ಹೆಸರಿಗೇ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಅಂಥವರಿಗೆ ಕಾಗದದ ಮೇಲೆ ಮನೆಯಲ್ಲಿ ಒಂದು ಇಟ್ಟಿಗೆಯೂ ಇಲ್ಲ, ಸಾಲ ಮಾತ್ರ ಪೂರ್ತಿ ಇದೆ. ಹೀಗಿದ್ದರೆ ರಾಜಿ ಮಾತುಕತೆಯಲ್ಲಿ ಇದನ್ನೇ ಮೊದಲ ವಿಷಯ ಮಾಡಿ.

ಒಪ್ಪಂದದಲ್ಲಿ ನಿಮ್ಮನ್ನು ‘ಸಹ-ಸಾಲಗಾರ’ ಎಂದಿದ್ದಾರೋ ‘ಜಾಮೀನುದಾರ’ ಎಂದಿದ್ದಾರೋ ನೋಡಿ. ಜಾಮೀನು ಎಂದಾಕ್ಷಣ ಹೊಣೆ ಕಡಿಮೆಯಾಗುವುದಿಲ್ಲ. ಒಪ್ಪಂದದಲ್ಲಿ ಬೇರೆ ಬರೆದಿರದಿದ್ದರೆ, ಅದೇ ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸಾಲದ ಹಣ ಪೂರ್ತಿ ಬಿಡುಗಡೆಯಾದ ಮೇಲೆ ‘ಜಾಮೀನು ವಾಪಸ್ ಪಡೆದಿದ್ದೇನೆ’ ಎಂದು ಪತ್ರ ಬರೆದರೆ ಹಳೆಯ ಸಾಲಕ್ಕೆ ಅದರಿಂದ ಪ್ರಯೋಜನವಿಲ್ಲ.

ಬೇರೆಯಾಗುವುದು ಖಚಿತವಾದ ವಾರದಲ್ಲೇ

ಸಾಲದ ಸ್ಟೇಟ್‌ಮೆಂಟ್, ಬಾಕಿ ಅಸಲಿನ ಪತ್ರ, ಬ್ಯಾಂಕಿನಲ್ಲಿರುವ ಮೂಲ ದಾಖಲೆಗಳ ಪಟ್ಟಿ, ಈ ಮೂರನ್ನೂ ತೆಗೆದುಕೊಳ್ಳಿ. ಸಹ-ಸಾಲಗಾರರಾಗಿ ಕೇಳುವ ಹಕ್ಕು ನಿಮಗಿದೆ. ಎಸ್‌ಎಂಎಸ್ ಮತ್ತು ಇಮೇಲ್ ಸಂದೇಶ ನಿಮ್ಮ ನಂಬರಿಗೂ ಬರುವಂತೆ ಮಾಡಿಸಿ. ಮೊದಲ ಅರ್ಜಿದಾರರಿಗೆ ಮಾತ್ರ ಸಂದೇಶ ಹೋಗುತ್ತಿದ್ದರೆ ಮೂರು ಕಂತು ತಪ್ಪಿದರೂ ನಿಮಗೆ ಸುಳಿವು ಸಿಗುವುದಿಲ್ಲ.

ಸಾಲ ಓವರ್‌ಡ್ರಾಫ್ಟ್ ಮಾದರಿಯದ್ದಾದರೆ ಇನ್ನೊಂದು ಎಚ್ಚರಿಕೆ. ಇಂಥ ಖಾತೆಯಲ್ಲಿ ಹೆಚ್ಚುವರಿಯಾಗಿ ಕಟ್ಟಿದ ಹಣವನ್ನು ಮತ್ತೆ ತೆಗೆಯಬಹುದು. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂದಿದ್ದರೆ ನಿಮ್ಮ ಉಳಿತಾಯ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಗಿ, ಬಾಕಿ ಮತ್ತೆ ಏರುತ್ತದೆ. ‘ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವಂತಿಲ್ಲ, ಟಾಪ್-ಅಪ್ (ಅದೇ ಮನೆಯ ಮೇಲೆ ಹೆಚ್ಚುವರಿ ಸಾಲ) ಕೊಡಕೂಡದು’ ಎಂದು ಶಾಖೆಗೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕಟ್ಟಡ ಇನ್ನೂ ಮುಗಿಯದ ಫ್ಲ್ಯಾಟಾದರೆ ಮುಂದಿನ ಕಂತಿನ ಹಣ ಬಿಲ್ಡರಿಗೆ ಹೋಗುವ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕು ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ.

ಕಂತು ನಿಮ್ಮ ಖಾತೆಯಿಂದ ಹೋಗುತ್ತಿದ್ದರೆ ಸಿಟ್ಟಿನಲ್ಲಿ ನಾಚ್ ಮ್ಯಾಂಡೇಟ್ (ಕಂತನ್ನು ತಾನಾಗಿ ಕಡಿದುಕೊಳ್ಳಲು ಬ್ಯಾಂಕಿಗೆ ಕೊಟ್ಟ ಅನುಮತಿ) ರದ್ದು ಮಾಡಬೇಡಿ, ಖಾತೆ ಖಾಲಿ ಇಡಬೇಡಿ. ಹಣವಿಲ್ಲದೆ ನಾಚ್ ಬೌನ್ಸಾದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅಡಿ ಕ್ರಿಮಿನಲ್ ಕೇಸು ಹಾಕಲು ಅವಕಾಶವಿದೆ, ಚೆಕ್ ಬೌನ್ಸಿನ ಹಾಗೆಯೇ. ಮೊದಲು ಬೇರೆ ಖಾತೆಯ ಮ್ಯಾಂಡೇಟ್ ನೋಂದಣಿಯಾಗಲಿ, ಆಮೇಲೆ ನಿಮ್ಮದನ್ನು ನಿಲ್ಲಿಸಿ.

ಲೆಕ್ಕ ಹಾಕಿ ನೋಡಿ

50 ಲಕ್ಷ ರೂಪಾಯಿ, ಶೇ 8.5 ಬಡ್ಡಿ, 20 ವರ್ಷ ಎಂದುಕೊಳ್ಳಿ. ಕಂತು ತಿಂಗಳಿಗೆ ಸುಮಾರು 43,391 ರೂಪಾಯಿ. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಬಾಕಿ ಸುಮಾರು 44.06 ಲಕ್ಷ ಇರುತ್ತದೆ, ಏಕೆಂದರೆ ಆರಂಭದ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ. ಮನೆಯ ಇಂದಿನ ಬೆಲೆ 80 ಲಕ್ಷವಾದರೆ ಹಂಚಿಕೊಳ್ಳಲು ಉಳಿಯುವುದು 35.94 ಲಕ್ಷ, ಸಮಪಾಲಾದರೆ ತಲಾ 17.97 ಲಕ್ಷ. ‘80 ಲಕ್ಷದ ಮನೆಯಲ್ಲಿ ನನ್ನ ಪಾಲು 40’ ಎಂಬ ತಪ್ಪು ಲೆಕ್ಕದ ಮೇಲೆ ಎಷ್ಟೋ ರಾಜಿಗಳು ಮುರಿದುಬೀಳುತ್ತವೆ.

ಮನೆ ಉಳಿಸಿಕೊಳ್ಳುವವರು ಒಬ್ಬರೇ ಆ ಕಂತು ಹೊರಬಲ್ಲರೇ ಎಂಬುದು ಮುಂದಿನ ಪ್ರಶ್ನೆ. ಎಲ್ಲ ಸಾಲಗಳ ಕಂತು ಸೇರಿ ಕೈಗೆ ಬರುವ ಸಂಬಳದ ಅರ್ಧ ಮೀರದಂತೆ ಬ್ಯಾಂಕುಗಳು ಸಾಮಾನ್ಯವಾಗಿ ನೋಡುತ್ತವೆ. ಅಂದರೆ ಈ ಉದಾಹರಣೆಯಲ್ಲಿ ಬೇರೆ ಸಾಲವಿಲ್ಲದಿದ್ದರೂ ತಿಂಗಳಿಗೆ 87,000 ರೂಪಾಯಿಯ ಆಸುಪಾಸು ಬೇಕು.

ಹೆಸರು ತೆಗೆಸುವ ದಾರಿಗಳು

ಅದೇ ಬ್ಯಾಂಕಿನಲ್ಲಿ ಸಹ-ಸಾಲಗಾರರನ್ನು ಕೈಬಿಡಲು ಇಬ್ಬರೂ ಸಹಿ ಮಾಡಿದ ಅರ್ಜಿ ಕೊಡುವುದು ಮೊದಲ ದಾರಿ. ಬ್ಯಾಂಕು ಇದನ್ನು ಹೊಸ ಸಾಲದಂತೆಯೇ ಪರಿಶೀಲಿಸುತ್ತದೆ: ಸಂಬಳದ ಚೀಟಿ, ಐಟಿ ರಿಟರ್ನ್, ಸಿಬಿಲ್ ಎಲ್ಲವನ್ನೂ ಕೇಳುತ್ತದೆ. ಒಪ್ಪಲೇಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಆದಾಯ ಸಾಲದಿದ್ದರೆ ತಂದೆಯನ್ನೋ ಅಣ್ಣನನ್ನೋ ನಿಮ್ಮ ಜಾಗಕ್ಕೆ ಕೋ-ಅಪ್ಲಿಕೆಂಟ್ ಆಗಿ ತರಬಹುದು, ಜೀವನಾಂಶದ ಮೊತ್ತದಲ್ಲಿ ಒಂದು ಪಾಲನ್ನು ಅಸಲಿಗೆ ಕಟ್ಟಿ ಸಾಲ ಇಳಿಸಬಹುದು, ಅವಧಿ ಹೆಚ್ಚಿಸಬಹುದು.

ಆ ಬ್ಯಾಂಕು ಒಪ್ಪದಿದ್ದರೆ, ಮನೆ ಉಳಿಸಿಕೊಳ್ಳುವವರು ಒಂಟಿ ಹೆಸರಿನಲ್ಲಿ ಇನ್ನೊಂದು ಬ್ಯಾಂಕಿಗೆ ಸಾಲ ವರ್ಗಾಯಿಸಲಿ. ನಮಗೆ ಈ ದಾರಿಯೇ ಹೆಚ್ಚು ಚೊಕ್ಕ ಅನ್ನಿಸುತ್ತದೆ. ಹಳೆಯ ಸಾಲ ಪೂರ್ತಿ ತೀರಿ ಖಾತೆ ಮುಚ್ಚುವುದರಿಂದ ನಿಮ್ಮ ಹೊಣೆ ಬೇರುಸಹಿತ ಹೋಗುತ್ತದೆ. ವ್ಯಕ್ತಿಗಳ ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಮುಂಗಡ ತೀರುವಳಿ ದಂಡ ಹಾಕುವಂತಿಲ್ಲ.

ಎರಡೂ ಆಗದಿದ್ದರೆ ಮಾರುವುದೇ ಸರಿ. ಕೊಳ್ಳುವವರು ಅಥವಾ ಅವರ ಬ್ಯಾಂಕು ಬಾಕಿಯಷ್ಟನ್ನು ನೇರವಾಗಿ ನಿಮ್ಮ ಸಾಲದ ಖಾತೆಗೆ ಡಿಡಿ ಕೊಟ್ಟು, ಉಳಿದದ್ದನ್ನು ಇಬ್ಬರಿಗೂ ಬೇರೆ ಬೇರೆ ಚೆಕ್ಕಿನಲ್ಲಿ ಕೊಡಲಿ. ಕನಿಷ್ಠ ಬೆಲೆ, ಕೊನೆಯ ದಿನಾಂಕ, ಅಲ್ಲಿಯವರೆಗೆ ಕಂತು ಯಾರದು ಎಂಬುದು ಮೊದಲೇ ಬರೆದಿರಲಿ.

ಹಕ್ಕು ಬಿಡುಗಡೆ ಪತ್ರ ಯಾವಾಗ?

ಇಲ್ಲೇ ಜನ ಎಡವುವುದು. ಮನೆ ಇಬ್ಬರ ಹೆಸರಿನಲ್ಲಿದ್ದರೆ ಒಬ್ಬರು ತಮ್ಮ ಪಾಲನ್ನು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಡಬೇಕು. ‘ಮೊದಲು ರಿಲೀಸ್ ಡೀಡ್ ಮಾಡಿಕೊಡು, ಬ್ಯಾಂಕಿನದು ಆಮೇಲೆ ನೋಡೋಣ’ ಎಂದರೆ ಒಪ್ಪಬೇಡಿ. ಕ್ರಮ ಹೀಗಿರಲಿ: ಮೊದಲು ಬ್ಯಾಂಕಿನ ಮಂಜೂರಾತಿ ಪತ್ರ, ಅದರಲ್ಲಿ ‘ಹಕ್ಕು ಬಿಡುಗಡೆ ಪತ್ರ ನೋಂದಣಿಯಾದೊಡನೆ ಇವರ ಹೆಸರನ್ನು ಸಾಲದಿಂದ ಕೈಬಿಡಲಾಗುವುದು’ ಎಂಬ ಸ್ಪಷ್ಟ ವಾಕ್ಯ, ನಂತರ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ನಂತರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ, ಸಾಧ್ಯವಾದರೆ ಅದೇ ದಿನ ಬ್ಯಾಂಕಿನಲ್ಲಿ ಹೊಸ ಒಪ್ಪಂದಕ್ಕೆ ಸಹಿ.

ಕರ್ನಾಟಕದಲ್ಲಿ ಗಂಡ ಹೆಂಡತಿಯೂ ಸೇರಿ ಕುಟುಂಬದವರ ನಡುವಿನ ಹಕ್ಕು ಬಿಡುಗಡೆಗೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಡಿಕ್ರಿಯಾದ ಮರುದಿನ ನೀವು ಗಂಡ ಹೆಂಡತಿಯಲ್ಲ, ಆ ರಿಯಾಯಿತಿಯನ್ನು ನಂಬಿಕೊಳ್ಳುವಂತಿಲ್ಲ. ಹಾಗಾಗಿ ಪತ್ರ ಡಿಕ್ರಿಗೆ ಮೊದಲೇ ನೋಂದಣಿಯಾಗಲಿ. ಪಾಲಿಗೆ ಹಣ ಕೊಡುತ್ತಿದ್ದರೆ ಶುಲ್ಕ ಎಷ್ಟೆಂದು ಪತ್ರ ಬರೆಯುವ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ. ಮನೆ ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದು ಇನ್ನೊಬ್ಬರಿಗೆ ಹೋಗಬೇಕಾದರೆ ಹಕ್ಕು ಬಿಡುಗಡೆ ಪತ್ರ ನಡೆಯದು. ದಾನಪತ್ರ ಅಥವಾ ಕ್ರಯಪತ್ರವೇ ಆಗಬೇಕು. ವಿದೇಶದಲ್ಲಿರುವವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ, ಅಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ, ಮೊದಲ ಮತ್ತು ಎರಡನೇ ಅರ್ಜಿಯ ನಡುವೆ ಆರು ತಿಂಗಳಿರುತ್ತದೆ. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಪ್ರಕಾರ ಕೋರ್ಟು ಈ ಅವಧಿಯನ್ನು ಮನ್ನಾ ಮಾಡಬಹುದು. ಸಾಲದ ಕೆಲಸ ಬಾಕಿಯಿದ್ದರೆ ಮನ್ನಾ ಕೇಳುವ ಆತುರ ಬೇಡ, ಬ್ಯಾಂಕಿನ ಓಡಾಟಕ್ಕೆ ಆ ಆರು ತಿಂಗಳು ಬೇಕಾಗುತ್ತದೆ. ಜೀವನಾಂಶದ ಕೊನೆಯ ಕಂತಿನ ಡಿಡಿಯನ್ನು ಎರಡನೇ ಅರ್ಜಿಯ ದಿನ ಕೋರ್ಟಿನಲ್ಲೇ ಕೊಡುವ ರೂಢಿಯಿದೆ. ಬ್ಯಾಂಕು ಹೆಸರು ಕೈಬಿಟ್ಟ ಪತ್ರವೂ ಅದೇ ದಿನ ಕೈಗೆ ಬರಬೇಕು ಎಂಬ ಷರತ್ತು ಹಾಕಿಸಿ.

ರಾಜಿ ಪತ್ರದಲ್ಲಿ ಏನು ಬರೆಸಬೇಕು?

‘ಗೃಹಸಾಲವನ್ನು ಒಂದನೇ ಅರ್ಜಿದಾರರು ನೋಡಿಕೊಳ್ಳುತ್ತಾರೆ’ ಎಂಬ ಒಂದು ಸಾಲಿನಿಂದ ನಾಳೆ ಏನೂ ವಸೂಲಾಗದು. ಈ ಧಾಟಿಯಲ್ಲಿ ಬರೆಸಿ (ಇಲ್ಲಿ ಒಂದನೇ ಅರ್ಜಿದಾರರು ಮನೆ ಉಳಿಸಿಕೊಳ್ಳುವವರು, ಎರಡನೆಯವರು ನೀವು):

‘…ಬ್ಯಾಂಕಿನ … ಶಾಖೆಯ … ಸಂಖ್ಯೆಯ ಸಾಲದಲ್ಲಿ … ದಿನಾಂಕಕ್ಕೆ ಬಾಕಿ ಇರುವ … ರೂಪಾಯಿ ಮತ್ತು ಮುಂದಿನ ಬಡ್ಡಿಯನ್ನು ಒಂದನೇ ಅರ್ಜಿದಾರರೇ ತೀರಿಸತಕ್ಕದ್ದು. … ದಿನಾಂಕದೊಳಗೆ ಎರಡನೇ ಅರ್ಜಿದಾರರ ಹೆಸರನ್ನು ಸಾಲದಿಂದ ತೆಗೆಸತಕ್ಕದ್ದು. ತಪ್ಪಿದಲ್ಲಿ ಮನೆಯನ್ನು … ತಿಂಗಳೊಳಗೆ ಮಾರಿ ಸಾಲ ತೀರಿಸತಕ್ಕದ್ದು. ಎರಡನೇ ಅರ್ಜಿದಾರರು ಯಾವುದೇ ಕಂತು ಕಟ್ಟಬೇಕಾಗಿ ಬಂದಲ್ಲಿ, ಆ ಮೊತ್ತವನ್ನು ಬಡ್ಡಿ ಸಹಿತ ಒಂದನೇ ಅರ್ಜಿದಾರರಿಂದ ಈ ಡಿಕ್ರಿಯ ಜಾರಿ ಮೂಲಕವೇ ವಸೂಲು ಮಾಡಿಕೊಳ್ಳತಕ್ಕದ್ದು.’

ಕೊನೆಯ ವಾಕ್ಯ ಮುಖ್ಯ. ಅದಿದ್ದರೆ ಹೊಸ ದಾವೆಯ ಬದಲು ನೇರ ಜಾರಿ ಅರ್ಜಿಯ (ಡಿಕ್ರಿಯನ್ನು ಜಾರಿಗೊಳಿಸಿ ಎಂದು ಕೋರ್ಟಿಗೆ ಕೊಡುವ ಅರ್ಜಿ) ದಾರಿ ಹಿಡಿಯಬಹುದು.

ಡಿಕ್ರಿಯಾಗಿದೆ, ಅವರು ಕಂತು ಕಟ್ಟುತ್ತಿಲ್ಲ

ತಡವಾದ ಪ್ರತಿ ಕಂತೂ ಇಬ್ಬರ ಕ್ರೆಡಿಟ್ ವರದಿಯಲ್ಲೂ ಬೀಳುತ್ತದೆ. ಬಾಕಿ 90 ದಿನ ಮೀರಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂಬ ಹಣೆಪಟ್ಟಿ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಆ ಹಣೆಪಟ್ಟಿ ಹೋಗುವುದಿಲ್ಲ, ಬಡ್ಡಿ ಅಸಲು ಸೇರಿ ಹಿಂಬಾಕಿ ಪೂರ್ತಿ ತೀರಬೇಕು. ಆದ್ದರಿಂದ ಕಷ್ಟವಾದರೂ 90 ದಿನದ ಗೆರೆ ದಾಟುವ ಮೊದಲು ಕಟ್ಟುವುದು ಮೇಲು. ಮಾಜಿ ಸಂಗಾತಿಯ ಕೈಗೆ ಹಣ ಕೊಡಬೇಡಿ. ನಿಮ್ಮ ಖಾತೆಯಿಂದ ನೇರ ಸಾಲದ ಖಾತೆಗೇ ಹಾಕಿ, ‘ವಸೂಲಿ ಹಕ್ಕು ಕಾಯ್ದಿರಿಸಿ ಕಟ್ಟಿದ್ದೇನೆ’ ಎಂದು ಅವರಿಗೆ ಅದೇ ದಿನ ಇಮೇಲ್ ಮಾಡಿ. ನಂತರ ವಕೀಲರ ನೋಟಿಸ್, ಆಮೇಲೆ ಫ್ಯಾಮಿಲಿ ಕೋರ್ಟಿನಲ್ಲಿ ಜಾರಿ ಅರ್ಜಿ. ಡಿಕ್ರಿಯಲ್ಲಿ ಸಾಲದ ಮಾತೇ ಇಲ್ಲದಿದ್ದರೆ, ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ಅವರ ಪಾಲಿನ ವಸೂಲಿಗೆ ದಾವೆ ಹಾಕಬೇಕು.

ಅಡವಿಟ್ಟ ಆಸ್ತಿಯನ್ನು ಬ್ಯಾಂಕು ನೇರವಾಗಿ ಸ್ವಾಧೀನಕ್ಕೆ ತೆಗೆದುಕೊಳ್ಳಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬಂದರೆ ತೀರಿಸಲು 60 ದಿನ ಸಿಗುತ್ತದೆ. ಆಕ್ಷೇಪ ಬರೆದರೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಮನೆ ಸ್ವಾಧೀನಕ್ಕೆ ಕೈಹಾಕಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ಈ ಗಡುವುಗಳು ಕೈತಪ್ಪುವುದುಂಟು, ಮನೆ ಬಿಟ್ಟ ದಿನವೇ ಹೊಸ ವಿಳಾಸವನ್ನು ಬ್ಯಾಂಕಿಗೆ ಕೊಡಿ.

ಹೆಸರು ಹೋಯಿತು ಎಂದಾದ ಮೇಲೆ

ಬಾಯಿಮಾತು ನಂಬಬೇಡಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಸಾಲದ ಸಂಖ್ಯೆ, ದಿನಾಂಕ ಸಹಿತ ಪತ್ರ ತೆಗೆದುಕೊಳ್ಳಿ. ಸಾಲ ಪೂರ್ತಿ ತೀರಿದ್ದರೆ ಮೂಲ ದಾಖಲೆಗಳನ್ನು 30 ದಿನದೊಳಗೆ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಹಕ್ಕು ಬಿಡುಗಡೆ ಪತ್ರ ಇಸಿಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ಬಂದಿದೆಯೇ ನೋಡಿ. ಮನೆ ಪಡೆದವರು ಪಾಲಿಕೆ ಅಥವಾ ಪಂಚಾಯಿತಿಯಲ್ಲಿರುವ ಆಸ್ತಿಯ ಖಾತೆಯನ್ನೂ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು.

ಎರಡು ತಿಂಗಳಾದ ಮೇಲೆ ಸಾಲದ ಇತಿಹಾಸ ದಾಖಲಿಸುವ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕರ ವರದಿಯನ್ನೂ ತೆಗೆದು ನೋಡಿ. ವರ್ಷಕ್ಕೊಮ್ಮೆ ಪ್ರತಿಯೊಂದೂ ಉಚಿತ. ಸಾಲ ಇನ್ನೂ ನಿಮ್ಮ ಹೆಸರಿನಲ್ಲಿ ಚಾಲ್ತಿ ಎಂದಿದ್ದರೆ ಆ ಪತ್ರ ಲಗತ್ತಿಸಿ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು. ಬ್ಯಾಂಕು ದೂರಿಗೆ ಉತ್ತರವನ್ನೇ ಕೊಡದಿದ್ದರೆ 30 ದಿನ ಕಳೆದ ಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನಿನಲ್ಲೇ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.